ಪರದೆಯ ಹಿಂದೆ ನಮ್ಮತ್ತೆ

ನಮ್ಮತ್ತೆ ಒಳ್ಳೆಯವಳಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದುತ್ತಾ ಓದುತ್ತಾ ಯಾರಿಗಾದರೂ ಆಕೆಯ ಮೇಲೆ ಮಮತೆ ಹುಟ್ಟಿದರೆ ಅದಕ್ಕೆ ನಾನು ಹೊಣೆಯಲ್ಲ. ಮೂವತ್ತು ವರ್ಷ ಆಕೆಯ ಜೊತೆ ಒಂದೇ ಒಲೆಯ ಮುಂದೆ ಕೂತವಳು ನಾನು. ನನ್ನ ಸಾರಿಗೆ ಉಪ್ಪು ಸರಿಯಾಗಿದೆ ಎಂದು ಒಂದು ದಿನವೂ ಅಂದವಳಲ್ಲ. ಸಾಯುವ ದಿನ ಬೆಳಿಗ್ಗೆಯೂ ನಾನು ಕೊಟ್ಟ ಗಂಜಿ ಕುಡಿದು ಮೂತಿ ತಿರುಗಿಸಿದಳು.

ಆದರೆ ಆಕೆ ಮಾಡಿದ ಕೆಲಸ ಆಕೆ ಮಾಡಿದ್ದೇ. ಮಾತಿಲ್ಲದ ಸಿನಿಮಾದ ಕಾಲದಲ್ಲಿ, ಮದುವೆಗೆ ಮುಂಚೆ, ಟೆಂಟಿನಲ್ಲಿ ಹೆಂಗಸರ ಕಡೆ ನಿಂತು ಕತೆ ಹೇಳುತ್ತಿದ್ದಳು. ಇದನ್ನು ಹೇಳಿದ್ದಕ್ಕೆ ನಾನು ಈ ವಯಸ್ಸಿನಲ್ಲಿ ಸುಳ್ಳಿ ಅನ್ನಿಸಿಕೊಂಡೆ. ಆ ಹೆಸರು ತೊಳೆದುಕೊಳ್ಳಲು ಸಿರುಗುಪ್ಪದಿಂದ ಬಳ್ಳಾರಿಗೆ ಬಸ್ಸು ಹತ್ತಬೇಕಾಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಾನು ಕಲಿತದ್ದು ಎರಡನೇ ಕ್ಲಾಸು. ಒತ್ತು, ದೀರ್ಘ ತಪ್ಪಿದ ಕಡೆ ಸೊಸೆ ತಿದ್ದಿದ್ದಾಳೆ. ಮಾತು ತಿದ್ದಲು ಬಂದಾಗ ಪೆನ್ನು ಕಸಿದುಕೊಂಡಿದ್ದೇನೆ.

ಬಳ್ಳಾರಿಯ ಕಾಲೇಜಿನ ಮೇಷ್ಟ್ರೊಬ್ಬರು ಹಳೆಯ ಟೆಂಟುಗಳ ಸುದ್ದಿ ಕೂಡಿಹಾಕುತ್ತಿದ್ದರು. ಪುಸ್ತಕ ಮಾಡುತ್ತಾರಂತೆ, ಕಾಲೇಜಿನಲ್ಲಿ ಹಳೆಯ ಫೋಟೋ ತೂಗುಹಾಕಿ ಪ್ರದರ್ಶನವನ್ನೂ ಇಡುತ್ತಾರಂತೆ. ನಮ್ಮ ಸೊಸೆ ಹೈಸ್ಕೂಲು ಟೀಚರು. ಯಾವುದೋ ಟ್ರೇನಿಂಗಿಗೆ ಹೋದಾಗ ಅವರೆದುರು, "ನಮ್ಮ ಅತ್ತಿಯವರ ಅತ್ತಿ ಟೆಂಟಿನ್ಯಾಗ ಕತಿ ಹೇಳ್ತಿದ್ರಂತ" ಎಂದು ಬಾಯಿಬಿಟ್ಟಿದ್ದಾಳೆ. ಒಂದು ಭಾನುವಾರ ಮೇಷ್ಟ್ರು ನಮ್ಮ ಮನೆಗೆ ಬಂದೇಬಿಟ್ಟರು. ತೆಳ್ಳನೆಯ ಮನುಷ್ಯ, ಕನ್ನಡಕವನ್ನು ಕಣ್ಣಿಗೆ ಹಾಕುವ ಬದಲು ಕೊರಳಿಗೆ ಹಾಕಿಕೊಂಡಿದ್ದರು. ಫೋನನ್ನು ನನ್ನ ಎದುರು ಹಿಟ್ಟಿನ ಡಬ್ಬಿಯ ಮೇಲೆ ನಿಲ್ಲಿಸಿ, "ಹೇಳ್ರಿ ಅಜ್ಜಿ, ಎಲ್ಲಾ ರೆಕಾರ್ಡ್ ಆಗ್ತೈತಿ" ಎಂದರು.

ಹೇಳಿದೆ.

ಅತ್ತೆಯೇ ಒಲೆಯ ಮುಂದೆ ಕೂತು ಹೇಳಿದ್ದು ಇದು. ಆಕೆಯ ತವರು ರಾರಾವಿ. ಅವಳಪ್ಪ ಬಂಡಿ ಹೊಡೆಯುವವನು. ಟೆಂಟಿನ ಸಾಮಾನು ಊರಿಂದೂರಿಗೆ ಹೇರಿಕೊಂಡು ಹೋಗುತ್ತಿದ್ದ. ಹೆಂಡತಿ ಸತ್ತಿದ್ದಳು, ಮಗಳನ್ನು ಬಿಡಲು ಮನೆಯಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಬಂಡಿಯಲ್ಲಿ ಕಂಬ, ಹಗ್ಗ, ಬಟ್ಟೆ, ಅದರ ಮೇಲೆ ಮಗಳು. ಕುರುಗೋಡು, ಕೊಳಗಲ್ಲು, ಸಿರುಗುಪ್ಪ ಎಂದು ತಿರುಗುತ್ತಿದ್ದರು.

ಪರದೆ ಎಂದರೆ ಬಿಳಿ ಬಟ್ಟೆ. ಅದನ್ನು ಟೆಂಟಿನ ನಡುವೆ ಕಟ್ಟುತ್ತಿದ್ದರು. ಮುಂದಿನ ಕಡೆ ಗಂಡಸರು, ಹಿಂದಿನ ಕಡೆ ಹೆಂಗಸರು. ಬಟ್ಟೆಗೆ ನೀರು ಚಿಮುಕಿಸಿದರೆ ಚಿತ್ರ ಹಿಂದಕ್ಕೂ ಕಾಣುತ್ತದೆ. ಆದರೆ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವು. ಹೀಗಾಗಿ ನಮ್ಮ ಹೆಂಗಸರು ನೋಡಿದ ರಾಜರೆಲ್ಲ ಎಡಗೈಯವರು. ಎಡಗೈಯಲ್ಲಿ ಕತ್ತಿ ಹಿಡಿದರೆ ಹೋಗಲಿ ಎನ್ನಬಹುದು. ಎಡಗೈಯಲ್ಲಿ ಉಣ್ಣುತ್ತಿದ್ದರು. ಋಷಿಗಳು ಎಡಗೈಯಲ್ಲಿ ಆಶೀರ್ವಾದ ಮಾಡುತ್ತಿದ್ದರು.

ಮುಂದಿನ ಕಡೆ ಕತೆ ಹೇಳಲು ಕೋಲು ಹಿಡಿದ ಒಬ್ಬ ಗಂಡಸಿದ್ದ. ಅವನು "ಮಹಾರಾಜರು ಭೋಜನಕ್ಕೆ ಕುಂತರು" ಎಂದು ರಾಗ ಎಳೆದರೆ, ಹಿಂದಿನ ಕಡೆಯಿಂದ "ಥೂ, ಎಡಗೈಲೆ ಉಣ್ತಾನ! ಹೆತ್ತಾಕಿ ಕಲಿಸಿಲ್ಲೇನು?" ಎಂದು ಕೂಗು. ಒಂದು ದಿನ ಗಲಾಟೆ ಜೋರಾಗಿ ಗಂಡಸರ ಕಡೆಗೆ ಏನೂ ಕೇಳಿಸದಂತಾಯಿತು. ಆಗ ಬಂಡಿಯವನ ಮಗಳು, ಹದಿನಾಲ್ಕು ವರ್ಷದವಳು, ಎದ್ದು ನಿಂತು ಗದರಿದಳಂತೆ: "ಅವನ ಬಲಗೈ ಯುದ್ಧದಾಗ ಮುರದೈತಿ. ಮುರದ ಕೈಲೆ ಹೆಂಗ ಉಣ್ತಾನ? ಸುಮ್ನ ನೋಡ್ರಿ." ಹೆಂಗಸರು ಅಯ್ಯೋ ಪಾಪ ಎಂದು ಸುಮ್ಮನಾದರು. ಮರುದಿನದಿಂದ ಟೆಂಟಿನ ಸಾಹುಕಾರ ಅದೇ ಕೆಲಸಕ್ಕೆ ಆಕೆಯನ್ನು ನಿಲ್ಲಿಸಿದ.

ಎಡಗೈ ತಕರಾರು ಮುಗಿದ ಮೇಲೆ ಸಂಬಂಧದ ತಕರಾರು. ನಮ್ಮ ಕಡೆಯ ಹೆಂಗಸರ ಮುಂದೆ ಒಂದು ಗಂಡು ಒಂದು ಹೆಣ್ಣು ತಂದು ನಿಲ್ಲಿಸಿ ನೋಡಿ. ಮೊದಲು ಕೇಳುವ ಮಾತು, "ಅವ್ರಿಬ್ರು ಏನಾಗಬೇಕು?" ಅದು ಗೊತ್ತಾಗದಿದ್ದರೆ ಅವರಿಗೆ ನಗಲೂ ಬಾರದು, ಅಳಲೂ ಬಾರದು. ಸೋದರಮಾವನಾದರೆ ಕೈ ಹಿಡಿಯಬಹುದು. ಅತ್ತೆ ಮಗನಾದರೆ ಚೇಷ್ಟೆ ಮಾಡಬಹುದು. ಚಿಕ್ಕಪ್ಪನ ಮಗನಾದರೆ ಮೂರು ಮಾರು ದೂರ ನಿಲ್ಲಬೇಕು. ಪರದೆಯ ಮೇಲೆ ನಡುನಡುವೆ ಅಕ್ಷರ ಮೂಡುತ್ತಿದ್ದವು, ಓದುವವರು ಯಾರು? ಆದ್ದರಿಂದ ಅತ್ತೆ ಎಲ್ಲರಿಗೂ ತಾನೇ ಸಂಬಂಧ ಕಟ್ಟುತ್ತಿದ್ದಳು. ಒಳ್ಳೆಯ ಗಂಡಸು ಬಂದರೆ ಸೋದರಮಾವ. ಕೆಟ್ಟವನು ಬಂದರೆ ದಾಯಾದಿ. ದಾಯಾದಿ ಎಂದ ಮೇಲೆ ಅವನು ಯಾಕೆ ಕೆಟ್ಟವನು ಎಂದು ಯಾರೂ ಕೇಳುತ್ತಿರಲಿಲ್ಲ, ಎಲ್ಲರ ಮನೆಯಲ್ಲೂ ಒಬ್ಬೊಬ್ಬ ಇದ್ದ.

ಹೀಗೆ ಗಂಡಸರು ಒಂದು ಸಿನಿಮಾ ನೋಡಿ ಮನೆಗೆ ಹೋದರೆ ಅವರ ಹೆಂಡಿರು ಇನ್ನೊಂದು ಸಿನಿಮಾ ನೋಡಿ ಹೋಗುತ್ತಿದ್ದರು. ರಾಣಿ ಕೊನೆಗೆ ನೀರಿಗೆ ಹಾರುವ ಸಿನಿಮಾ ಒಂದು ಬಂದಿತ್ತಂತೆ. ಕುರುಗೋಡಿನ ಹೆಂಗಸರು ಅತ್ತೆಗೆ ಮಲ್ಲಿಗೆ ಮುಡಿಸಿ, "ನಾಳಿ ಆಕಿನ್ನ ಸಾಯಿಸಬ್ಯಾಡವ್ವ" ಎಂದು ಬೇಡಿಕೊಂಡರು. ಮರುದಿನ ಅತ್ತೆ, "ಈಜಿ ಆಚಿ ದಂಡಿಗೆ ಹೋದ್ಲು, ಅಲ್ಲಿ ಆಕಿ ತವರುಮನಿ ಐತಿ" ಎಂದುಬಿಟ್ಟಳು. ಮುಂದೆ ಗಂಡಸರು ಗೊಳೋ ಎಂದು ಅಳುತ್ತಿದ್ದರೆ ಹಿಂದೆ ಹೆಂಗಸರು ಎಲೆ ಅಡಿಕೆ ಮಡಚುತ್ತಿದ್ದರು. ರಾಣಿಯ ಪಾತ್ರ ಮಾಡಿದವಳ ಹೆಸರು ನಮ್ಮ ಸೀಮೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಂಡಿಯವನ ಮಗಳ ಹೆಸರು ಎಲ್ಲರಿಗೂ ಗೊತ್ತಿತ್ತು. ಜನ ಆಕೆಯ ಬಂಡಿ ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದರೇ ಹೊರತು ಯಾವ ಸಿನಿಮಾ ಎಂದು ಕೇಳುತ್ತಿರಲಿಲ್ಲ.

ಆಮೇಲೆ ಸಿನಿಮಾ ಮಾತು ಕಲಿಯಿತು. ಮಾತು ಬರುವ ಡಬ್ಬಿಯನ್ನು ಪರದೆಯ ಹಿಂದೆ ಇಡಬೇಕು, ಅಲ್ಲಿ ಹೆಂಗಸರು ಕೂತಿದ್ದರು. ಮೊದಲ ದಿನ ಡಬ್ಬಿ ಒದರಿದ ರಭಸಕ್ಕೆ ಕೂಸುಗಳೆಲ್ಲ ಚೀರಿದವು. ಹೆಂಗಸರನ್ನು ಎಬ್ಬಿಸಿ ಮುಂದೆ ಒಂದು ಮಗ್ಗುಲಿಗೆ ಕೂಡಿಸಿ ನಡುವೆ ತಡಿಕೆ ಕಟ್ಟಿದರು. ಸಿನಿಮಾಕ್ಕೆ ಮಾತು ಬಂದದ್ದರಿಂದ ನಮ್ಮ ಹೆಂಗಸರಿಗೆ ಆದ ಲಾಭ ಇಷ್ಟು: ರಾಜರು ಬಲಗೈಯಲ್ಲಿ ಉಣ್ಣತೊಡಗಿದರು.

ಅತ್ತೆ ಅಷ್ಟಕ್ಕೆ ಸೋಲಲಿಲ್ಲ. ಮೊದಲು ಬಂದದ್ದು ಹಿಂದಿಯದು, ಯಾರಿಗೂ ತಿಳಿಯಲಿಲ್ಲ. ಆಕೆ ಡಬ್ಬಿಯ ಮೇಲೆ ದನಿ ಏರಿಸಿ ನಾಲ್ಕು ದಿನ ಕತೆ ಹೇಳಿದಳು. ಐದನೇ ದಿನ ಗಂಟಲು ಕಟ್ಟಿತು, ಡಬ್ಬಿಯದು ಕಟ್ಟಲಿಲ್ಲ. ಆಮೇಲೆ ತೆಲುಗಿನದು ಬಂತು. ತೆಲುಗು ನಮ್ಮ ಕಡೆ ಎಮ್ಮೆ ಮೇಯಿಸುವವನಿಗೂ ಬರುತ್ತದೆ. ಸಾಹುಕಾರ, "ನಾಳಿಯಿಂದ ಪಡದಿ ತಾನ ಮಾತಾಡ್ತೈತಿ, ನೀ ಮನಿಗೆ ನಡಿಯವ್ವ" ಎಂದ. ಅದೇ ವರ್ಷ ಆಕೆಯ ಮದುವೆ ಮಾಡಿ ಸಿರುಗುಪ್ಪಕ್ಕೆ ಕಳಿಸಿದರು.

ಮೇಷ್ಟ್ರು ಎಡಗೈ ಮಾತು ಬಂದಾಗಲೇ ಕನ್ನಡಕವನ್ನು ಕೊರಳಿನಿಂದ ಕಣ್ಣಿಗೆ ಏರಿಸಿದ್ದರು. ಆದರೂ ಕೊನೆಗೆ ತಲೆ ಕೆರೆದುಕೊಂಡರು.

"ಅಜ್ಜಿ, ಬೇಜಾರಾಗಬ್ಯಾಡ್ರಿ. ಕತಿ ಹೇಳೋರು ಅಂತ ಎಲ್ಲಾ ಕಡೆ ಗಂಡಸರದ ಐತಿ. ಹೆಣ್ಣುಮಗಳು ಅಂತ ನಾ ಎಲ್ಲೂ ಓದಿಲ್ಲ."

"ಬರದೋರು ಪಡದಿ ಹಿಂದ ಬಂದು ನೋಡಿದ್ರೇನ್ರಿ?" ಎಂದೆ.

"ಅದು ಖರೆ. ಆದ್ರ ಒಬ್ಬರ ಮಾತಿನ ಮ್ಯಾಲ ಬರಿಯಾಕ ಆಗಂಗಿಲ್ರಿ. ನಿಮ್ಮ ಮನ್ಯಾಗ ಇನ್ಯಾರಾದ್ರು ಇದನ್ನ ಹೇಳ್ತಾರೇನು?"

ಇದ್ದಳು ಒಬ್ಬಳು. ಅತ್ತೆಯ ಸ್ವಂತ ಮಗಳು, ನನ್ನ ನಾದಿನಿ, ಕುರುಗೋಡಿಗೆ ಕೊಟ್ಟವಳು. ಸೊಸೆ ಅಲ್ಲೇ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಇಟ್ಟಳು. ಮೇಷ್ಟ್ರು ವಿಷಯ ಹೇಳಿದರು. ಆ ಕಡೆಯಿಂದ ತಟ್ಟನೆ ಬಂತು.

"ನಮ್ಮವ್ವ? ಟೆಂಟಿಗೆ? ಶಿವಶಿವಾ! ನಮ್ಮವ್ವ ಭಜನಿ ಬಿಟ್ಟರ ಬ್ಯಾರೆ ಏನೂ ಕಂಡಾಕಿ ಅಲ್ರಿ. ಹೊಸ್ತಿಲಾ ದಾಟಿಲ್ಲ. ನಮ್ಮ ವೈನಿಗೆ ವಯಸ್ಸಾತ್ರಿ. ಸುಳ್ಳು ಹೇಳೋದು ಮದ್ಲಿಂದ ಐತಿ, ಈಗ ಜಾಸ್ತಿ ಆಗೈತಿ."

ವೈನಿ ಎಂದರೆ ಅಣ್ಣನ ಹೆಂಡತಿ, ನಾನು. ಮೇಷ್ಟ್ರು ನನ್ನ ಮುಖ ನೋಡಲಾರದೆ ಹಿಟ್ಟಿನ ಡಬ್ಬಿ ನೋಡಿದರು.

ಆಕೆ ಹಾಗೇಕೆ ಅಂದಳು ಎಂದು ನನಗೆ ಗೊತ್ತು. ಆಕೆಯನ್ನು ಕೊಟ್ಟದ್ದು ವ್ಯಾಪಾರಸ್ಥರ ಮನೆಗೆ. ಬೆಳಿಗ್ಗೆ ಎದ್ದರೆ ವಿಭೂತಿ, ಪೂಜೆ, ಆಮೇಲೆ ಮೆಣಸಿನಕಾಯಿ ಚೀಲ, ಆ ಮನೆಯ ಹೆಂಗಸರು ಟೆಂಟಿನ ಕಡೆ ಹೋದವರೇ ಅಲ್ಲ. ಬಂಡಿಯವನ ಮೊಮ್ಮಗಳು, ಟೆಂಟಿನವಳ ಮಗಳು ಎಂದು ಗೊತ್ತಾದರೆ ಅತ್ತೆಮನೆಯಲ್ಲಿ ಎಲ್ಲಿ ತಲೆ ತಗ್ಗುವುದೋ ಎಂದು ಮದುವೆಯಾದ ವರ್ಷವೇ ತಾಯಿಯನ್ನು ಶರಣೆ ಮಾಡಿಟ್ಟಳು. ಆಮೇಲೆ ಅತ್ತೆಮನೆಯ ಹಿರಿಯರು ಸತ್ತರು, ಗಂಡ ಸತ್ತ, ಸುಳ್ಳು ಮಾತ್ರ ಉಳಿಯಿತು. ಈಗ ಅದನ್ನು ತನ್ನ ಸೊಸೆಯ ಮೇಲೆ ಬಿಟ್ಟಿದ್ದಾಳೆ. ಆ ಹುಡುಗಿ ಸಿನಿಮಾಕ್ಕೆ ಹೋಗುತ್ತೇನೆ ಎಂದಾಗಲೆಲ್ಲ, "ನಮ್ಮವ್ವ ಹೊಸ್ತಿಲಾ ದಾಟಿಲ್ಲ, ಗೊತ್ತೈತೇನು?"

ಇರಲಿ. ಅತ್ತೆ ಕತೆ ಹೇಳಿದಳು ಎಂದು ಪುಸ್ತಕದಲ್ಲಿ ಬಂದರೆ ನನಗೇನು ಸೀರೆ ಉಡಿಸುತ್ತಾರೆಯೇ? ಬರದಿದ್ದರೆ ಆಕೆಯೇನು ಎದ್ದು ಬರುತ್ತಾಳೆಯೇ? ಆದರೆ ನಾನು ಬಾಯಿಬಡುಕಿ, ಒರಟಿ, ಜಗಳಗಂಟಿ, ಅದೆಲ್ಲ ಒಪ್ಪುತ್ತೇನೆ. ಸುಳ್ಳಿ ಅಲ್ಲ. ನನ್ನದೇ ಪಡಸಾಲೆಯಲ್ಲಿ, ನನ್ನದೇ ಹಿಟ್ಟಿನ ಡಬ್ಬಿಯ ಮುಂದೆ ಅದನ್ನು ಅನ್ನಿಸಿಕೊಂಡು ಇರಲು ನನ್ನಿಂದ ಆಗುವುದಿಲ್ಲ.

ಮೇಷ್ಟ್ರೇ ಒಂದು ದಾರಿ ಹೇಳಿದರು. ಕಾಲೇಜಿನಲ್ಲಿ ಒಂದು ಹಳೆಯ ಮಾತಿಲ್ಲದ ಸಿನಿಮಾ ತೋರಿಸುವವರಿದ್ದರು. "ನಿಮ್ಮತ್ತಿಯವರು ಹೆಂಗ ಹೇಳ್ತಿದ್ರು ಅಂತ ಬಂದು ಹೇಳಿ ತೋರಸ್ರಿ. ಮಂದಿ ಕೇಳ್ಲಿ. ಇಂಥಾ ಒಂದು ಪದ್ಧತಿ ಇತ್ತು ಅಂತಾದ್ರು ಬರಿಯಾಕ ಬರ್ತೈತಿ."

"ಬರ್ತೀನ್ರಿ. ಆದ್ರ ಕುರುಗೋಡಿನಾಕಿನ್ನ ಕರಸ್ರಿ. ನನ್ನ ಎದುರಿಗೆ ಮುಂದಿನ ಸಾಲಿನ್ಯಾಗ ಕುಂದ್ರಸ್ರಿ."

ನನಗೆ ಧೈರ್ಯವಿತ್ತು. ಅತ್ತೆಯ ಟೆಂಟು ನಾನು ನೋಡಿಲ್ಲ, ಆದರೆ ಆಕೆಯ ಕೆಲಸ ನೋಡಿದ್ದೇನೆ. ನಮ್ಮ ಓಣಿಗೆ ಮೊದಲ ಟಿವಿ ಬಂದದ್ದು ನಮ್ಮ ಮನೆಗೆ. ಅದರಲ್ಲಿ ಬರುತ್ತಿದ್ದುದೆಲ್ಲ ಹಿಂದಿ. ಅತ್ತೆಗೆ ಅಷ್ಟು ಹೊತ್ತಿಗೆ ಕಿವಿ ಮಂದವಾಗಿತ್ತು. ಒಂದು ದಿನ ಓಣಿಯ ಹೆಂಗಸರೆಲ್ಲ ಮಿಕಮಿಕ ನೋಡುತ್ತಾ ಕೂತಿದ್ದಾಗ, "ಅದರ ಬಾಯಿ ಮುಚ್ಚಸು" ಎಂದು ನನಗೆ ಹೇಳಿದಳು. ದನಿ ಪೂರ್ತಿ ಇಳಿಸಿದೆ. ಆಕೆ ಕಾಲು ಚಾಚಿಕೊಂಡು ಶುರು ಮಾಡಿದಳು: ಇವನು ಇಂಥವಳಿಗೆ ಮಾವ, ಅವಳು ಇಂಥವನಿಗೆ ಅತ್ತಿಗೆ. ಅವತ್ತಿನಿಂದ ಹಿಂದಿ ಧಾರಾವಾಹಿಯ ಹೊತ್ತಿಗೆ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಲೋಕವೆಲ್ಲ ಮೂಕ ಸಿನಿಮಾದಿಂದ ಮಾತಿನ ಸಿನಿಮಾಕ್ಕೆ ಹೋಯಿತು, ನಾವು ವಾಪಸು ಬಂದೆವು. ನನ್ನ ಮಗ ಶಾಲೆಯಲ್ಲಿ ಹಿಂದಿ ಕಲಿತಿದ್ದ. "ಅಜ್ಜಿ, ಆತ ಮಾವ ಅಲ್ಲ, ಡಾಕ್ಟರು" ಎಂದು ಒಮ್ಮೆ ಕೂಗಿದ. ಅತ್ತೆ, "ಡಾಕ್ಟರಾದ್ರ ಏನಾತೋ? ಯಾರ ಮನಿ ಅಳಿಯ ಅದನ್ನ ಹೇಳು" ಎಂದಳು. ಹೆಂಗಸರೆಲ್ಲ ಅವನನ್ನು ಹೊರಗೆ ಕಳಿಸಿದರು.

ಇದನ್ನು ಅಷ್ಟು ವರ್ಷ ಕೇಳಿದವಳಿಗೆ ಒಂದು ಸಿನಿಮಾ ಹೇಳುವುದು ಯಾವ ಮಹಾ ಕೆಲಸ ಎಂದುಕೊಂಡೆ. ಅಲ್ಲೇ ಕೆಟ್ಟೆ.

ಆ ದಿನ ಬೆಳಿಗ್ಗೆ ಸೊಸೆಯ ಜೊತೆ ಬಸ್ಸಿಳಿದು ಕಾಲೇಜಿಗೆ ಹೋದೆ. ಸಭಾಂಗಣ ತುಂಬಿತ್ತು. ಹುಡುಗ ಹುಡುಗಿಯರು, ಮೇಷ್ಟ್ರುಗಳು, ಅವರ ಹೆಂಡಿರು, ಊರಿನ ಒಂದಷ್ಟು ಹಿರಿಯರು. ಮುಂದಿನ ಸಾಲಿನಲ್ಲಿ ನಾದಿನಿ ಕೂತಿದ್ದಳು. ರೇಷ್ಮೆ ಸೀರೆ, ಹಣೆ ತುಂಬ ವಿಭೂತಿ. ಪಕ್ಕದಲ್ಲಿ ಆಕೆಯ ಸೊಸೆ.

"ಬಂದ್ಯಲ್ಲವ್ವ" ಎಂದೆ.

"ಬಂದೆ. ನಾಕು ಮಂದಿ ಮುಂದ ನೀ ಮರ್ಯಾದಿ ಕಳಕೊಳ್ಳೋದು ನೋಡಾಕ ಕಾರು ಮಾಡಿಕೊಂಡು ಬಂದೀನಿ, ವೈನಿ."

"ಚಲೋ ಆತು. ಕಣ್ಣು ಕಾಣಸ್ತಾವಲ್ಲ? ಮುಂದ ಕುಂದ್ರು."

ದೀಪ ಆರಿಸಿದರು. ನನ್ನನ್ನು ವೇದಿಕೆಯ ಮೇಲೆ ಪರದೆಯ ಮಗ್ಗುಲಲ್ಲಿ ಕುರ್ಚಿ ಹಾಕಿ ಕೂಡಿಸಿ ಕೈಗೆ ಮೈಕು ಕೊಟ್ಟರು. ಸಿನಿಮಾ ಶುರುವಾಯಿತು. ಒಬ್ಬ ಮುದಿ ರಾಜ. ಅವನಿಗೊಬ್ಬಳು ಮಗಳು. ಕುದುರೆ ಮೇಲೆ ದೊಡ್ಡ ಮೀಸೆಯವನೊಬ್ಬ ಬಂದ. ನೋಡಲು ಎತ್ತರ, ಎದೆ ಅಗಲ.

ನಾನು ತಡಮಾಡಲಿಲ್ಲ. "ಈಕಿ ರಾಜನ ಮಗಳು. ಕುದುರಿ ಮ್ಯಾಲ ಬಂದೋನು ಆಕಿ ಸೋದರಮಾವ. ಆಕಿ ತೊಟ್ಟಿಲಾಗ ಇದ್ದಾಗ್ಲೆ ಮಾತಾಗೈತಿ."

ಹುಡುಗರು ಹೋ ಎಂದು ನಕ್ಕರು. ಒಬ್ಬ ಕೇಳಿದ: "ಅಜ್ಜಿ, ಮಾವನ್ನ ಮದುವಿ ಆಗ್ತಾಳೇನ್ರಿ?"

"ನಿಮ್ಮವ್ವನ್ನ ಕೇಳು, ಆಕಿ ಯಾರನ್ನ ಆಗ್ಯಾಳ ಅಂತ."

ಈ ಸಲ ಹೆಂಗಸರು ನಕ್ಕರು. ನನಗೆ ಹುರುಪು ಬಂತು. ಅಷ್ಟರಲ್ಲಿ ಮೀಸೆಯಿಲ್ಲದ ಸಣಕಲು ಹುಡುಗನೊಬ್ಬ ಬಂದು ರಾಜನ ಮಗಳ ಮುಂದೆ ನಿಂತ. ಆಕೆ ಅವನಿಗೆ ಹಣ್ಣು ಕೊಟ್ಟಳು. "ಇವ ಅಣ್ಣ" ಎಂದೆ. ಅಷ್ಟಕ್ಕೇ ಬಿಡಬೇಕಿತ್ತು. "ಒಡಹುಟ್ಟಿದ ಅಣ್ಣ. ಒಂದ ಹೊಟ್ಟಿ ಹಂಚಿಕೊಂಡು ಹುಟ್ಯಾರ" ಎಂದು ಗಂಟು ಹಾಕಿದೆ. ಹಿಂದೆ ಒಬ್ಬ ದಾಸಿ ಬೀಸಣಿಗೆ ಬೀಸುತ್ತಿದ್ದಳು. ತೋಳು ನೋಡಿದರೆ ಬೀಸುವ ಕಲ್ಲು ಒಂದೇ ಕೈಯಲ್ಲಿ ಎತ್ತುವ ಹಾಗಿದ್ದವು. "ಆ ದಾಸಿ ಗಂಡಸು. ಹೆಣ್ಣು ಸಿಕ್ಕಿಲ್ಲ, ಸೀರಿ ಉಡಿಸ್ಯಾರ. ಆಕಿ ಕಡೆ ನೋಡಬ್ಯಾಡ್ರಿ" ಎಂದೆ. ಮೇಷ್ಟ್ರು ಕತ್ತಲಲ್ಲೇ ಅದನ್ನು ಬರೆದುಕೊಂಡರು.

ಆಮೇಲೆ ಕೆಟ್ಟಿತು. ನನ್ನ ಸೋದರಮಾವ ಕುದುರೆಯಿಂದಿಳಿದು ಹೆಂಡ ಕುಡಿದ. ಮುದಿ ರಾಜನನ್ನು ಚಾಟಿಯಿಂದ ಹೊಡೆದ. "ಮಾವಗ ಇವತ್ತು ತಲಿ ಸರಿ ಇಲ್ಲ" ಎಂದೆ. ಅವನು ರಾಜನನ್ನು ಎಳೆದು ಕತ್ತಲಕೋಣೆಗೆ ನೂಕಿ ಬೀಗ ಹಾಕಿದ. "ಬಿಸಲು ಭಾಳ ಐತಿ, ನೆರಳಿಗೆ ಕುಂದ್ರಿಸ್ಯಾನ" ಎಂದೆ. ಸಭಾಂಗಣದಲ್ಲಿ ಒಬ್ಬರೂ ನಂಬಲಿಲ್ಲ. ನಾನೂ ನಂಬಲಿಲ್ಲ.

ಈ ಕಡೆ ನನ್ನ ಒಡಹುಟ್ಟಿದ ಅಣ್ಣ ತಂಗಿಯನ್ನು ಹೊಳೆದಂಡೆಗೆ ಕರೆದುಕೊಂಡು ಹೋದ. ಕೈ ಹಿಡಿದ. ಬಿಡಲೇ ಇಲ್ಲ.

"ತಂಗಿಗೆ ಜ್ವರ ಬಂದಾವು. ನಾಡಿ ನೋಡ್ತಾನ" ಎಂದೆ.

ಅವನು ಹೂ ಕಿತ್ತು ಆಕೆಯ ಮುಡಿಗೆ ಇಟ್ಟ. ಹುಡುಗರು ಸಿಳ್ಳೆ ಹಾಕಿದರು. ಆಕೆ ನಾಚಿ ಅವನ ಎದೆಗೆ ಒರಗಿದಳು. "ಜ್ವರ ಜೋರಾದ್ವು" ಎಂದೆ. ಅವನು ಹಾರ ತಂದ. ಹಾರ! ಸಭಾಂಗಣವೆಲ್ಲ ಬಿದ್ದು ಬಿದ್ದು ನಗುತ್ತಿತ್ತು. ನನಗೆ ಅನ್ನಿಸಿದ್ದು ಒಂದೇ: ಇವರೆಲ್ಲ ಮನೆಗೆ ಹೋಗಿ, ಆ ಮುದುಕಿ ಏನೋ ಕಟ್ಟಿ ಹೇಳಿದಳು, ಅಂಥದ್ದೆಲ್ಲ ಯಾವ ಟೆಂಟಿನಲ್ಲೂ ಇರಲಿಲ್ಲ ಎನ್ನುತ್ತಾರೆ. ಕುರುಗೋಡಿನವಳು ಗೆದ್ದಳು.

ಆಗ ಮುಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು.

"ಏ ವೈನಿ! ಸಾಕು ಮಾಡು ನಿನ್ನ ಅಣ್ಣ ತಂಗಿ! ಕೇಳಿದೋರಿಗೆ ಪಾಪ ಹತ್ತತೈತಿ!"

ನಾದಿನಿ ಎದ್ದು ನಿಂತಿದ್ದಳು. ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿದುಕೊಂಡಳು, ಆದರೂ ಹತ್ತಿದಳು. ಬಂದವಳೇ ನನ್ನ ಕೈಯಿಂದ ಮೈಕು ಕಿತ್ತುಕೊಂಡಳು.

"ಮೂರು ಸಲ ಬರೋತನಕ ಯಾರಿಗೂ ಸಂಬಂಧ ಹೇಳಬಾರ್ದು! ಮದ್ಲ ಸಲ ಬಂದ್ರ 'ಒಬ್ಬಾತ ಬಂದ' ಅನ್ನಬೇಕು. ಎರಡ್ನೇ ಸಲ 'ಅವ ಮತ್ತ ಬಂದ' ಅನ್ನಬೇಕು. ಮೂರ್ನೇ ಸಲ ಅವನ ಗುಣ ನೋಡಿ ಸಂಬಂಧ ಕಟ್ಟಬೇಕು. ಇಷ್ಟೂ ಗೊತ್ತಿಲ್ದ ಮೈಕ್ ಹಿಡದಾಳ!"

ಇದು ನನಗೆ ನಿಜವಾಗಿ ಗೊತ್ತಿರಲಿಲ್ಲ. ಟಿವಿಯಲ್ಲಿ ವಾರವಾರ ಬರುವವರು ಅವರೇ, ಅತ್ತೆ ಹಿಂದಿನ ವಾರವೇ ಅವರ ಗುಣ ಕಂಡುಕೊಂಡಿರುತ್ತಿದ್ದಳು. ಟೆಂಟಿನ ವಿದ್ಯೆಯನ್ನು ಆಕೆ ಮಗಳಿಗೆ ತಲೆ ಬಾಚುವಾಗ ಹೇಳಿಕೊಟ್ಟಿದ್ದಳು, ಸೊಸೆಯಾದ ನನಗೆ ಹೇಳಿಕೊಟ್ಟಿರಲಿಲ್ಲ. ಸೊಸೆಗೆ ಏನು ತಾನೇ ಹೇಳಿಕೊಟ್ಟಳು?

ನಾದಿನಿ ಪರದೆಗೆ ಓರೆಯಾಗಿ ನಿಂತು, ಒಂದು ಕೈ ಸೊಂಟಕ್ಕಿಟ್ಟು ಶುರು ಮಾಡಿದಳು. "ಕೇಳ್ರವ್ವ. ಇವ ಅಣ್ಣ ಅಲ್ಲ, ಅತ್ತಿ ಮಗ. ಹೆತ್ತಾಕಿ ಸತ್ತ ಮ್ಯಾಲ ಇದ ಅರಮನ್ಯಾಗ ಬೆಳದಾನ. ಸಣ್ಣಾಕಿ ಇದ್ದಾಗ ಆಕಿ ಅಣ್ಣ ಅಂತಿದ್ಲು, ನಮ್ಮ ವೈನಿ ಅಷ್ಟ ಕೇಳಿಸಿಕೊಂಡಾಳ. ಇನ್ನ ಆ ಮೀಸಿಯೋನು ಸೋದರಮಾವನೂ ಅಲ್ಲ, ಸುಡುಗಾಡೂ ಅಲ್ಲ. ದಾಯಾದಿ!"

ದಾಯಾದಿ ಎಂದ ಕೂಡಲೇ ಹೆಂಗಸರೆಲ್ಲ "ಹಾಂ" ಎಂದು ಉಸಿರು ಬಿಟ್ಟರು.

ದನಿ ಥೇಟು ಅತ್ತೆಯದೇ. ಆ ಕ್ಷಣ ಕಣ್ಣು ತುಂಬಿ ಬಂತು ಎಂದು ಬರೆಯಿರಿ ಅಂತ ನನ್ನ ಸೊಸೆ ಹೇಳಿದಳು. ಅಂಥದ್ದೇನೂ ಆಗಲಿಲ್ಲ. ಮೂವತ್ತು ವರ್ಷ ನನ್ನ ಅಡುಗೆಗೆ ಹೆಸರಿಟ್ಟ ದನಿ ಅದು. ಮತ್ತೆ ಕೇಳಿ ಸಿಟ್ಟು ಬಂತು.

ಆದರೆ ಇದ್ದದ್ದು ಹೇಳಬೇಕು, ಕತೆ ಸರಿಯಾಗಿ ಹೇಳಿದಳು. ಸಿಳ್ಳೆ ಹಾಕುತ್ತಿದ್ದ ಹುಡುಗರು ಬಾಯಿ ಮುಚ್ಚಿಕೊಂಡು ಕೇಳಿದರು. ದಾಯಾದಿ ಕೋಟೆಯಿಂದ ಬಿದ್ದಾಗ ಚಪ್ಪಾಳೆ ಬಿತ್ತು. ಮುದಿ ರಾಜ ಹೊರಗೆ ಬಂದಾಗ ಮೇಷ್ಟ್ರ ಹೆಂಡತಿ ಮೂಗು ಒರೆಸಿಕೊಂಡಳು. ಸಿನಿಮಾದ ಕೊನೆಯ ತುಂಡು ಎಂದೋ ಹಾಳಾಗಿತ್ತಂತೆ, ರಾಜ ಮಗಳ ತಲೆಯ ಮೇಲೆ ಕೈ ಇಡುವಷ್ಟರಲ್ಲಿ ಪರದೆ ಬಿಳುಪಾಯಿತು. ನಾದಿನಿ ನಿಲ್ಲಲಿಲ್ಲ. ಬರೀ ಬಿಳಿ ಪರದೆಯ ಮುಂದೆ ಮದುವೆ ಹೇಳಿದಳು. ಹಂದರ ಹಾಕಿಸಿದಳು, ಬೀಗರನ್ನು ಕರೆಸಿದಳು, ಹೋಳಿಗೆ ಬಡಿಸಿದಳು, ಹೋಳಿಗೆಗೆ ತುಪ್ಪ ಕಡಿಮೆಯಾಯಿತೆಂದು ಬೀಗತಿಗೆ ಮುನಿಸು ತರಿಸಿದಳು, ಮುನಿದವಳನ್ನು ಒಲಿಸಿದಳು. ಜನ ಏನೂ ಇಲ್ಲದ ಪರದೆಯನ್ನೇ ನೋಡುತ್ತಿದ್ದರು.

ದೀಪ ಹಚ್ಚಿದರು. ನಾದಿನಿಗೆ ಆಗ ಎಚ್ಚರವಾಯಿತು. ಕೈಯಲ್ಲಿ ಮೈಕು, ಜಾರಿದ ಸೆರಗು, ಎದುರಿಗೆ ನಗುತ್ತಾ ಕೂತ ಸ್ವಂತ ಸೊಸೆ.

ಮೇಷ್ಟ್ರು ಎದ್ದು ಮೆಲ್ಲಗೆ ಕೇಳಿದರು: "ಅಮ್ಮಾ, ನಿಮ್ಮ ತಾಯಿಯವರು ಭಜನಿ ಬಿಟ್ಟರ ಏನೂ ಕಂಡಿಲ್ಲ ಅಂದಿದ್ರಿ. ಇದೆಲ್ಲ ಎಲ್ಲಿಂದ ಬಂತ್ರಿ?"

ನಾದಿನಿ ಸೆರಗು ಸರಿಮಾಡಿಕೊಂಡಳು. ಆಕೆಯ ಸೊಸೆ ಕೂತಲ್ಲಿಂದಲೇ ಕೂಗಿದಳು: "ಅತ್ತಿ, ಹೊಸ್ತಿಲಾ ದಾಟಿಲ್ಲ ಅಂತಿದ್ರಿ?"

"ದಾಟಿಲ್ಲ. ಮದುವಿ ಆದ ಮ್ಯಾಲ ದಾಟಿಲ್ಲ. ಅದಕಿಂತ ಮದ್ಲಿಂದು ನನ್ನ ಯಾರು ಕೇಳಿದ್ರು?"

"ಹಂಗಾದ್ರ ಸಿರುಗುಪ್ಪದ ಅಜ್ಜಿ ಹೇಳಿದ್ದು ಖರೆ ಅನ್ರಿ" ಎಂದರು ಮೇಷ್ಟ್ರು.

ನಾದಿನಿ ನನ್ನ ಕಡೆ ನೋಡಿದಳು. ನಾನೂ ನೋಡಿದೆ. ಇಡೀ ಸಭಾಂಗಣ ಕಾಯುತ್ತಿತ್ತು, ಎಲ್ಲರಿಗಿಂತ ಹೆಚ್ಚು ನಾನು.

"ಖರೆ ಐತಿ" ಎಂದಳು ಮೈಕಿನಲ್ಲೇ. "ಆದ್ರ ಆಕಿಗೆ ಹೇಳಾಕ ಬರಂಗಿಲ್ಲ."

ಕೆಳಗೆ ಚಾ ಕುಡಿಯುವಾಗ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತೆವು. ಆಕೆ ಕ್ಷಮೆ ಕೇಳಲಿಲ್ಲ. ನಾನು ನಿರೀಕ್ಷಿಸಿರಲೂ ಇಲ್ಲ. ನಾಲ್ಕು ಹುಡುಗಿಯರು ಬಂದು ಆಕೆಯ ಜೊತೆ ಫೋಟೋ ತೆಗೆಸಿಕೊಂಡರು. ಒಬ್ಬಳು ನನಗೆ, "ಅಜ್ಜಿ, ಸ್ವಲ್ಪ ಸರೀರಿ" ಎಂದಳು. ಸರಿದೆ.

ಎರಡು ತಿಂಗಳಾದ ಮೇಲೆ ಪ್ರದರ್ಶನ ಇಟ್ಟರು. ಸೊಸೆ ಕರೆದುಕೊಂಡು ಹೋದಳು. ಗೋಡೆಯ ಮೇಲೆ ಒಂದು ಟೆಂಟಿನ ಚಿತ್ರ, ಅದರ ಪಕ್ಕ ಮೈಕು ಹಿಡಿದ ನಾದಿನಿ, ಕೆಳಗೆ ನನ್ನ ಕಣ್ಣಿಗೆ ನಿಲುಕದ ಸಣ್ಣಕ್ಷರದಲ್ಲಿ ನಾಲ್ಕು ಸಾಲು ಬರಹ. ಪರದೆಯ ಹಿಂದೆ ಹೆಂಗಸರಿಗೆ ಕತೆ ಹೇಳುತ್ತಿದ್ದವರು ರಾರಾವಿಯ ಬಂಡಿಯವರ ಮಗಳು, ಮಾಹಿತಿ ಕೊಟ್ಟವರು ಕುರುಗೋಡಿನಲ್ಲಿರುವ ಅವರ ಮಗಳು, ಎಂದು ಸೊಸೆ ಓದಿ ಹೇಳಿದಳು. ಚಿತ್ರದ ಅಂಚಿನಲ್ಲಿ ಒಂದು ಮೊಣಕೈ ಇತ್ತು. ಅದು ನನ್ನದು.

ಸೊಸೆಗೆ ಸಿಟ್ಟು ಬಂತು. "ಇದೇನ್ ಅತ್ತಿ, ನಿಮ್ಮ ಸುದ್ದಿನ ಇಲ್ಲ! ಮೇಷ್ಟ್ರಿಗೆ ಈಗ ಫೋನ್ ಹಚ್ತೀನಿ."

"ತಡಿ. ಸುಳ್ಳು ಅಂತ ಎಲ್ಲ್ಯಾದ್ರು ಬರದಾರೇನು, ಸರಿಯಾಗಿ ನೋಡು."

ಆಕೆ ಮೇಲಿಂದ ಮತ್ತೆ ಓದಿದಳು.

"ಇಲ್ಲ ಬಿಡ್ರಿ."

"ಹಂಗಾದ್ರ ನಡಿ" ಎಂದೆ.